ಗಂಡನ ಬೀದಿ

ಹಿಟ್ಟಿನ ಗಿರಣಿಯವರೆಗೆ ಮರಿತಾಯಮ್ಮನ ಬೀದಿ. ಗಿರಣಿಯಿಂದಾಚೆ, ಕಪಿಲೆ ಹೊಳೆಯ ಕಡೆಗೆ ಇಳಿಯುವ ರಸ್ತೆ ಅವಳ ಗಂಡ ಮಂಟೇಸ್ವಾಮಿಯದು. ಪೌರಕಾರ್ಮಿಕರಿಗೆ ಕೆಲಸ ಹಂಚುವಾಗ ನಗರಸಭೆ ಕಚೇರಿಯವರು ಹಾಗೆ ಗೊತ್ತು ಮಾಡಿದ್ದರು. ಆದರೆ ಎರಡೂ ಬೀದಿಯ ಜನ ವರ್ಷಗಳಿಂದ ಬೆಳಗಾಗೆದ್ದು ನೋಡುತ್ತಿದ್ದುದು ಬಗ್ಗಿದ ಒಂದೇ ಬೆನ್ನನ್ನು, ಅದು ಮರಿತಾಯಮ್ಮನ ಬೆನ್ನು.

ನಂಜನಗೂಡಿನಲ್ಲಿ ಇನ್ನೂ ಬೀದಿ ದೀಪ ಉರಿಯುತ್ತಿರುವಾಗಲೇ ಗಂಡ ಹೆಂಡತಿ ಇಬ್ಬರೂ ಮನೆ ಬಿಡುತ್ತಿದ್ದರು. ಅಷ್ಟರೊಳಗೆ ಮರಿತಾಯಮ್ಮನ ಒಂದು ಪಾಳಿ ಕೆಲಸ ಮುಗಿದಿರುತ್ತಿತ್ತು. ನೀರು ತುಂಬಿಸಿ, ಸಾರಿಗೆ ಒಗ್ಗರಣೆ ಹಾಕಿ, ಹಿಟ್ಟು ತೊಳಸಿ ಮುದ್ದೆ ಕಟ್ಟಿ, ಅವನ ಬಿಳಿ ಅಂಗಿಯ ಕಾಲರನ್ನು ಇನ್ನೊಮ್ಮೆ ಉಜ್ಜಿ ಇಸ್ತ್ರಿ ಮಾಡಿ ಕೊಟ್ಟು ಹೊರಡುತ್ತಿದ್ದಳು. ಕಚೇರಿಯಲ್ಲಿ ಇಬ್ಬರೂ ಹಾಜರಿ ಯಂತ್ರಕ್ಕೆ ಬೆರಳು ಒತ್ತುತ್ತಿದ್ದರು. ಅಲ್ಲಿಂದ ಅವಳು ಕಡ್ಡಿ ಪೊರಕೆ ಹಿಡಿದು ಬೀದಿಗೆ, ಅವನು ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೆ. ಅವನು ಮುಂದಾಳಾಗಿದ್ದ ಪೌರಕಾರ್ಮಿಕರ ಸಂಘದವರು ಸೇರುತ್ತಿದ್ದುದು ಅಲ್ಲಿ. ಕೆಲವು ದಿನ ಅಲ್ಲಿಂದಲೇ ಮೈಸೂರಿನ ಬಸ್ಸು ಹತ್ತುತ್ತಿದ್ದ. ಗಿರಣಿಯ ಷಟರ್ ಮೇಲೇಳುವ ಹೊತ್ತಿಗೆ ಮರಿತಾಯಮ್ಮ ತನ್ನ ಬೀದಿ ಮುಗಿಸಿ, ಸೆರಗು ಬಿಗಿದುಕೊಂಡು, ಗಂಡನ ಬೀದಿಗೆ ಪೊರಕೆ ಇಡುತ್ತಿದ್ದಳು.

ಅವರ ಕಾಲೊನಿಯಲ್ಲಿ ಇದೇನೂ ಹೊಸದಾಗಿರಲಿಲ್ಲ. ಒಬ್ಬಳ ಗಂಡನಿಗೆ ಜ್ವರ, ಇನ್ನೊಬ್ಬಳ ಗಂಡನಿಗೆ ಹಿಂದಿನ ರಾತ್ರಿ ಕುಡಿದದ್ದು ಇಳಿದಿಲ್ಲ, ಮತ್ತೊಬ್ಬಳ ಗಂಡ ಸಂಘದ ಕೆಲಸಕ್ಕೆ ಹೋಗಿದ್ದಾನೆ. ಕಾರಣ ಏನೇ ಇರಲಿ, ಹೆಂಡತಿಯರು ಗುಡಿಸುತ್ತಿದ್ದರು. ಗಂಡನ ಬಟ್ಟೆ, ಗಂಡನ ತಟ್ಟೆ ಅನ್ನುವ ಹಾಗೆಯೇ ಗಂಡನ ಬೀದಿ ಅನ್ನುತ್ತಿದ್ದರು. ಅದು ಮನೆಗೆಲಸದ ಲೆಕ್ಕಕ್ಕೇ ಸೇರಿಹೋಗಿತ್ತು. ಮನೆಗೆಲಸವಾದ್ದರಿಂದ ಅದನ್ನು ಯಾರೂ ಕೆಲಸ ಅಂತ ಕರೆಯುತ್ತಿರಲಿಲ್ಲ. ಮರಿತಾಯಮ್ಮನೂ ಕರೆದಿರಲಿಲ್ಲ.

ಅವಳಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮಂಟೇಸ್ವಾಮಿ ಮಾತು ಬಲ್ಲವನು. ಅಧಿಕಾರಿಗಳ ಮುಂದೆ ಕೈಕಟ್ಟಿ ನಿಲ್ಲದೆ ಕುರ್ಚಿ ಎಳೆದು ಕೂತು ಮಾತಾಡಿದ ಮೊದಲನೆಯವನು ಅವನೇ. ಅವನ ಮಾತಿಗೆ ಬೂಟು ಬಂತು, ಕೈಗವಸು ಬಂತು, ಬೆಳಗಿನ ಇಡ್ಲಿ ಬಂತು. ಬೂಟು ಗಂಡಸರ ಅಳತೆಯದ್ದು, ಹೆಂಗಸರ ಕಾಲಲ್ಲಿ ಅದು ಲೊಟ್ಟಲೊಟ್ಟ ಅನ್ನುತ್ತಿತ್ತು. ಆದರೂ ಬಂತಲ್ಲ. ತಾನು ಗುಡಿಸುವುದರಿಂದ ಅವನಿಗೆ ಮಾತಾಡಲು ಬಿಡುವು ಸಿಗುತ್ತಿದೆ, ಅವನು ಮಾತಾಡುವುದರಿಂದ ಎಲ್ಲರಿಗೂ ಒಳ್ಳೆಯದಾಗುತ್ತಿದೆ ಎಂದು ಅವಳು ತಿಳಿದಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ, ಕೆಲಸ ಕಾಯಂ ಆಗಬೇಕು. ಅದೂ ತನ್ನ ಹೆಸರಿನಲ್ಲಿ. ಅವಳ ಅತ್ತೆ ಇದೇ ಊರಿನ ಬೀದಿ ಗುಡಿಸಿ ಗುಡಿಸಿ ನಡು ನೆಟ್ಟಗಾಗದ ಹಾಗಾಗಿದ್ದರು. ಕೊನೆಯವರೆಗೂ ಹಂಗಾಮಿ. ಹಾಸಿಗೆ ಹಿಡಿದ ದಿನವೇ ಕೆಲಸ ಹೋಯಿತು. ಆಮೇಲೆ ಎಲೆಯಡಿಕೆಗೂ ಮಗನ ಮುಖ ನೋಡುತ್ತಾ, ಸೊಸೆ ಇಟ್ಟಾಗ ಉಂಡು, ಇಡದಾಗ ಸುಮ್ಮನಿದ್ದು ಹೋದರು. ಸೊಸೆ ಮರಿತಾಯಮ್ಮನೇ. ಇಡದ ದಿನಗಳೂ ಇದ್ದವೆಂದು ಅವಳಿಗೆ ನೆನಪಿತ್ತು. ತನ್ನ ಮುಪ್ಪು ಹಾಗಾಗಬಾರದು. ಮಗಳು ಕವನಳನ್ನು ಕವಲಂದೆಗೆ ಕೊಟ್ಟಿದ್ದಾಗಿತ್ತು, ಅವಳ ಬಾಗಿಲಿಗೆ ಹೋಗಿ ನಿಲ್ಲಬಾರದು. ಮೈಗೆ ಹುಷಾರಿಲ್ಲದ ದಿನ ಮಲಗಿದರೆ ಯಾರೂ ಏನೂ ಅನ್ನಬಾರದು, ಕೈ ಸೋತ ಮೇಲೆ ತನ್ನ ಹೆಸರಿಗೆ ಪಿಂಚಣಿ ಬರಬೇಕು. ಅವಳಿಗೆ ಗೊತ್ತಿದ್ದ ಕಾಯಂ ಅಂದರೆ ಅಷ್ಟೇ.

ಆ ವರ್ಷ ಊರು ಮೈಸೂರು ರಸ್ತೆಯುದ್ದಕ್ಕೂ ಬೆಳೆದಿತ್ತು. ಆಳೆತ್ತರದ ಕಾಂಪೌಂಡಿನ ಬಡಾವಣೆಗಳು ಬಂದಿದ್ದವು. ಒಂದೊಂದು ಮನೆಯ ಕಸವೂ ಕಾಲೊನಿಯ ಇಡೀ ಸಾಲಿನ ಕಸದಷ್ಟು. ಗುಡಿಸುವವರು ಮಾತ್ರ ಮೊದಲಿದ್ದಷ್ಟೇ ಜನ. ಬಜೆಟ್ಟಿಗೆ ಮುಂಚೆ ಸಂಘ ಬೇಡಿಕೆ ಇಟ್ಟಿತು, ಎಲ್ಲರನ್ನೂ ಕಾಯಂ ಮಾಡಿ ಅಂತ. ಬಜೆಟ್ಟಿನಲ್ಲಿ ಜಾಗವಿಲ್ಲ ಎಂದರು. ಬಡಾವಣೆಯ ಪಾರ್ಕಿನ ದೀಪಕ್ಕೆ ಜಾಗವಿತ್ತು, ಬೀದಿ ಗುಡಿಸುವ ಒಂದು ಮಿಷಿನ್ನಿಗೂ ಇತ್ತು. ಮಂಟೇಸ್ವಾಮಿ ಪೊರಕೆ ಕೆಳಗಿಡಿ ಎಂದ. ಕಚೇರಿಯ ಎದುರು ಶಾಮಿಯಾನ ಎದ್ದಿತು.

ಮುಷ್ಕರದ ದಿನಗಳಲ್ಲಿ ಹೆಂಗಸರು ಬೀದಿ ಗುಡಿಸಲಿಲ್ಲ, ನಿಜ. ಆದರೆ ಶಾಮಿಯಾನದ ಹಿಂದೆ ಮೂರು ಕಲ್ಲಿಟ್ಟು ಎಲ್ಲರಿಗೂ ಬೇಯಿಸಿದರು. ಮನೆಮನೆಯಿಂದ ರೇಷನ್ ಅಕ್ಕಿ ತಂದವರು, ಸೊಪ್ಪು ಸೋಸಿದವರು, ಪಾತ್ರೆ ಬೆಳಗಿದವರು ಎಲ್ಲರೂ ಹೆಂಗಸರೇ. ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಟಾರ್ಪಾಲಿನ ಮೇಲೆ ಹೆಂಗಸರು. ಒಲೆಯ ಉಸ್ತುವಾರಿ ಮರಿತಾಯಮ್ಮ ಮತ್ತು ಅವಳ ಗೆಳತಿ ವೆಂಕಟಮ್ಮನದು. ವೆಂಕಟಮ್ಮನ ಗಂಡ ಕಸದ ಆಟೋಗೆ ಲೋಡ್ ಮಾಡುವವನು. ಒಂದು ದಿನ ಕಾರಿನಿಂದಿಳಿದ ಒಬ್ಬಾಕೆ, ತನ್ನ ಮನೆಯ ಕಸವೊಂದನ್ನಾದರೂ ತೆಗೆದುಬಿಡಿ, ಬೇಕಾದರೆ ಬೇರೆ ಕೊಡುತ್ತೇನೆ ಎಂದು ಕೇಳಿದಳು. ವೆಂಕಟಮ್ಮ ಅನ್ನ ಬಸಿಯುತ್ತಲೇ ತಲೆಯೆತ್ತದೆ ಹೇಳಿದಳು:

"ನಮ್ಮನೆ ಕಸನೇ ಬಾಗ್ಲಲ್ಲಿ ಕೊಳೀತಾ ಅದೆ ಕಣವ್ವ. ನಮ್ಗೂ ಯಾರಾನಾ ಸಿಕ್ರೆ ಏಳು."

ಟಾರ್ಪಾಲಿನ ಮೇಲೆ ಕೂತವರೆಲ್ಲ ನಕ್ಕರು. ಆ ನಗುವಿನ ದಿನಗಳು ಆಮೇಲೆ ಮರಿತಾಯಮ್ಮನಿಗೆ ಬಹಳ ನೆನಪಾಗುತ್ತಿದ್ದವು.

ಊರು ನಾರತೊಡಗಿದಾಗ ಮಾತುಕತೆಗೆ ಕರೆ ಬಂತು. ಮಂಟೇಸ್ವಾಮಿ ಮತ್ತು ಇನ್ನಿಬ್ಬರು ಗಂಡಸರು ಒಳಗೆ ಹೋದರು. ಮಧ್ಯಾಹ್ನದ ಊಟ ಆರಿಹೋಗುವಷ್ಟು ಹೊತ್ತಾದ ಮೇಲೆ ಹೊರಗೆ ಬಂದರು. ಮಂಟೇಸ್ವಾಮಿ ಮೈಕ್ ಹಿಡಿದು, ಕಾಯಂ ಮಾಡಲು ಒಪ್ಪಿದ್ದಾರೆ, ಮೊದಲ ಸುತ್ತು ಈಗಲೇ, ಎರಡನೇ ಸುತ್ತು ಮುಂದಿನ ಬಜೆಟ್ಟಿನಲ್ಲಿ ಎಂದು ಸಾರಿದ. ಶಿಳ್ಳೆ, ಚಪ್ಪಾಳೆ, ಹಾರ ಎಲ್ಲ ಆಯಿತು. ಒಪ್ಪಿಗೆ ಇರುವವರು ಕೈ ಎತ್ತಿ ಎಂದ. ಗಂಡಸರು ಎತ್ತಿದರು. ಹೆಂಗಸರ ಕಡೆ ಒಂದು ಗಳಿಗೆ ತಡವಾಯಿತು. ಯಾರು ಯಾವ ಸುತ್ತು ಎಂದು ಅವರಿಗೆ ತಿಳಿದಿರಲಿಲ್ಲ. ಮಂಟೇಸ್ವಾಮಿ ಹೆಂಡತಿಯ ಕಡೆ ನೋಡಿದ. ಮರಿತಾಯಮ್ಮ ಸೌಟು ಪಾತ್ರೆಯಲ್ಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಮೇಲೆತ್ತಿದಳು. ಅವಳ ಹಿಂದೆ ವೆಂಕಟಮ್ಮನ ಕೈ ಎದ್ದಿತು. ವೆಂಕಟಮ್ಮನ ಹಿಂದೆ ಉಳಿದವರದು.

ವಿಷಯ ತಿಳಿದದ್ದು ಕೆಲಸ ಮತ್ತೆ ಶುರುವಾದ ಬೆಳಗ್ಗೆ, ಹಿಟ್ಟಿನ ಗಿರಣಿಯ ಮುಂದೆ. ಮೇಸ್ತ್ರಿ ಕಾಂತರಾಜು ಬೈಕ್ ನಿಲ್ಲಿಸಿದರು. ಬೀದಿಗಳ ಕೆಲಸ ನೋಡಿಕೊಳ್ಳುವವರು ಅವರು, ಕಳಲೆ ಕಡೆ ಹೊಲಮನೆ ಉಳ್ಳವರು, ಬೈದರೂ ನಗುನಗುತ್ತಾ ಬೈಯುವ ಮನುಷ್ಯ.

"ಏನಮ್ಮ ಮರಿತಾಯಿ, ಯಜಮಾನ್ರಿಗೆ ಕಾಯಂ ಆಯ್ತು. ಸ್ವೀಟಿಲ್ವಾ?"

"ನಂದೂ ಕೈಗೆ ಬಂದುಬುಡ್ಲಿ ಸಾ, ಇಬ್ರುದೂ ಸೇರ್ಸಿ ತತ್ತೀನಿ," ಎಂದಳು ಮರಿತಾಯಮ್ಮ.

ಕಾಂತರಾಜು ನಗು ನಿಲ್ಲಿಸಿದರು. ಇವಳು ತಮಾಷೆ ಮಾಡುತ್ತಿದ್ದಾಳೋ ಎಂದು ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ಪೌರಕಾರ್ಮಿಕರಾಗಿರುವ ಮನೆಗೆ ಒಂದೇ ಹುದ್ದೆ ಕಾಯಂ ಎಂದು ಒಪ್ಪಂದವಾಗಿದೆ. ಆ ಒಂದು ಯಾರದ್ದು ಎನ್ನುವುದನ್ನು ಸಂಘಕ್ಕೇ ಬಿಟ್ಟಿದ್ದರು. ಸಂಘ ಎಲ್ಲಾ ಮನೆಯಲ್ಲೂ ಗಂಡಸರ ಹೆಸರು ಹೇಳಿದೆ. ಹೆಂಗಸರು ಈಗಿದ್ದ ಹಾಗೆಯೇ, ಮಿಷಿನ್ ಬರುವವರೆಗೆ.

"ಒಂದೇ ಸಾಕು ಅಂತ ಯಾಕೆ ಬಂತು ಸಾ?"

ಕಾಂತರಾಜು ಕೈಯಲ್ಲಿ ಗಿರಣಿಯ ಆಚೆಯ ರಸ್ತೆ ತೋರಿಸಿದರು. "ಇನ್ನೇನಮ್ಮ. ಆಳು ಮೈಸೂರಲ್ಲಿ, ಬೀದಿ ಕ್ಲೀನು. ಎರಡು ಬೀದಿ ಒಬ್ಬಳೇ ಮಾಡ್ತಾ ಇದಾಳೆ ಅಂದ್ರೆ ಇಬ್ರು ಯಾಕೆ ಬೇಕು ಅಂತ ಮೇಲಿನೋರು ಕೇಳೇ ಕೇಳ್ತಾರೆ. ನಾನೇನೂ ಹೇಳ್ಲಿಲ್ಲ ಕಣಮ್ಮ, ನಿನ್ನಾಣೆ. ಅವರೇ ಬಂದು ನೋಡ್ಕೊಂಡು ಹೋಗಿದ್ರು."

ಬೈಕ್ ಹೋಯಿತು. ಮರಿತಾಯಮ್ಮ ಆಗಷ್ಟೇ ಗಂಡನ ಬೀದಿಯ ಮೊದಲ ಮೂರು ಮನೆಗಳ ಮುಂದೆ ಗುಡಿಸಿ ಮುಗಿಸಿದ್ದಳು. ಗುಪ್ಪೆ ಮಾಡಿದ ಕಸ ಅಲ್ಲೇ ಇತ್ತು. ಅದನ್ನು ಗಾಡಿಗೆ ತುಂಬಿದಳೋ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಮಂಟೇಸ್ವಾಮಿ ಮಧ್ಯಾಹ್ನ ಊಟಕ್ಕೆ ಬಂದ. ಅವಳು ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಸಾರು ಬಿಟ್ಟಳು. ಅವನು ಎರಡು ತುತ್ತು ಮುರಿದ ಮೇಲೆ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಎಲ್ಲರಿಗೂ ಕಾಯಂ ಬೇಕೆಂದು ಹಟ ಹಿಡಿದಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ ಎಂದ. ಒಂದು ಮನೆಗೆ ಎರಡು ಕೊಟ್ಟು ಇನ್ನೊಂದು ಮನೆಗೆ ಒಂದೂ ಇಲ್ಲದಿದ್ದರೆ ಅದು ನ್ಯಾಯವೇ ಎಂದು ಅಧಿಕಾರಿಗಳು ಕೇಳಿದ್ದರು. ಆ ಮಾತಿಗೆ ಇವನಲ್ಲೂ ಉತ್ತರವಿತ್ತು, ಪಾರ್ಕಿನ ದೀಪ ಇತ್ತು, ಮಿಷಿನ್ ಇತ್ತು. ಹೇಳಲೆಂದು ಬಾಯಿ ತೆರೆದಿದ್ದನಂತೆ. ಅಷ್ಟರಲ್ಲಿ ಮೇಜಿನ ಆಚೆಯಿಂದ ಒಬ್ಬರು, ನಿಮ್ಮ ಬೀದಿ ದಿನಾ ಯಾರು ಗುಡಿಸುತ್ತಾರೆ ಮಂಟೇಸ್ವಾಮಿ ಎಂದು ಮೆಲ್ಲಗೆ ಕೇಳಿದರು.

"ನನ್ನೆಂಡ್ತಿ ಅಂತ ಏಳ್ಬೇಕಾಗಿತ್ತು," ಎಂದಳು ಮರಿತಾಯಮ್ಮ.

"ಅಂಗಂದ್ರೆ ನನ್ನ ಆಜರಿನೇ ಸುಳ್ಳು ಅಂದಂಗಾಯ್ತದಲ್ಲಮ್ಮಿ. ಇರೋ ಕೆಲ್ಸಾನೂ ಓಗೋದು."

"ಅದ್ಕೆ ನಂದ ಕೊಟ್ಟುಬುಟ್ಟು ಬಂದೆ."

ಅವನು ಮುದ್ದೆಯನ್ನು ಸಾರಿಗೆ ಒತ್ತಿದ. "ನಂದಾದ್ರೇನು, ನಿಂದಾದ್ರೇನು. ಒಂದೇ ಮನೆ ತಾನೆ. ಎರಡ್ನೇ ಸುತ್ತಲ್ಲಿ ನಿನ್ಗೇ ಮೊದ್ಲು. ನನ್ನ ಮಾತು ಕನಮ್ಮಿ ಇದು."

ಊಟ ಮುಗಿಸಿ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮರಿತಾಯಮ್ಮ ತಟ್ಟೆ ತೆಗೆದಳು. ಎಷ್ಟು ವರ್ಷದಿಂದ ತೆಗೆಯುತ್ತಿದ್ದಳೋ, ಅವತ್ತು ಅದು ಕೈಗೆ ಭಾರವಾಯಿತು. ಮೋಸವನ್ನು ಹೊರಗಿನವರು ಮಾಡಿದ್ದರೆ ಶಾಮಿಯಾನ ಹಾಕಿ ಕೂರಬಹುದಿತ್ತು. ಇವನಿಗೆ ಎದುರಾಗಿ ಎಲ್ಲಿ ಶಾಮಿಯಾನ ಹಾಕುವುದು? ಸಂಜೆ ಮತ್ತೆ ಇದೇ ಬಾಗಿಲಿಗೆ ಬರುತ್ತಾನೆ, ಮತ್ತೆ ತಟ್ಟೆ ಇಡಬೇಕು.

ವೆಂಕಟಮ್ಮ ಮಾತು ಬಿಟ್ಟಳು. ಇಡ್ಲಿ ಕೊಡುವ ಕಡೆ ಪಕ್ಕದಲ್ಲಿ ಕೂತ ಮರಿತಾಯಮ್ಮನನ್ನು ನೋಡಿ ಎದ್ದು ಬೇರೆ ಕಡೆ ಹೋದಳು. ತನಗೂ ಗೊತ್ತಿರಲಿಲ್ಲ ಎಂದು ಮರಿತಾಯಮ್ಮ ಹಿಂದೆಯೇ ಹೋಗಿ ಹೇಳಿದಳು.

"ನೀನು ಕೈ ಎತ್ತುದ್ದಕ್ಕೆ ನಾನೆತ್ದೆ," ಎಂದಳು ವೆಂಕಟಮ್ಮ. "ಒಂದೇ ಮನೇಲಿ ಮಲಗೋಳ್ಗೆ ಗೊತ್ತಿರ್ಲಿಲ್ಲ ಅಂದ್ರೆ ಯಾರವ್ವ ನಂಬ್ತಾರೆ?"

ಮಾರನೆಯ ಬೆಳಗ್ಗೆ ಮರಿತಾಯಮ್ಮ ಗಿರಣಿಯವರೆಗೆ ಗುಡಿಸಿದಳು. ಷಟರ್ ಮೇಲೆದ್ದಿತು. ಅವಳು ಪೊರಕೆಯನ್ನು ಗೋಡೆಗೆ ಕುಟ್ಟಿ ಕಡ್ಡಿ ನೆಟ್ಟಗೆ ಮಾಡಿಕೊಂಡು, ತಿರುಗಿ ಮನೆಗೆ ನಡೆದಳು. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಆ ಬೀದಿಯವರು, ಯಾಕಮ್ಮ ಹುಷಾರಿಲ್ವಾ ಎಂದು ಕೇಳಿದರು. ಹುಷಾರಾಗಿದ್ದೀನಿ, ಈ ಬೀದಿ ನಂದಲ್ಲ ಎಂದಳು. ಅವರಿಗೆ ಅರ್ಥವಾಗಲಿಲ್ಲ. ಅವರ ಪಾಲಿಗೆ ಆ ಬೀದಿ ಯಾವಾಗಲೂ ಅವಳದೇ. ಕಾಂತರಾಜು ಮಂಟೇಸ್ವಾಮಿಗೆ ಫೋನ್ ಮಾಡಿದರು. ಕಾಯಂ ನೌಕರ ಬಿಳಿ ಅಂಗಿ ಬಿಚ್ಚಿಟ್ಟು ಪೊರಕೆ ಹಿಡಿಯಬೇಕಾಯಿತು. ಗಿರಣಿಯವನು ಬಾಗಿಲಿಗೆ ಬಂದು ನಿಂತು ನೋಡಿದ.

ಮಂಟೇಸ್ವಾಮಿ ಮನೆಯಲ್ಲಿ ಕೂಗಾಡಲಿಲ್ಲ. ಅದು ಅವನ ದಾರಿಯಲ್ಲ. ಕೆಲವು ದಿನ ಬಿಟ್ಟು, ಟಿ. ನರಸೀಪುರದ ಪೌರಕಾರ್ಮಿಕರೂ ಇಂಥದೇ ಒಪ್ಪಂದ ಕೇಳುತ್ತಿದ್ದಾರೆ, ಭಾನುವಾರ ಸಭೆ ಇದೆ, ಜೊತೆಗೆ ಬಾ, ನಿನ್ನ ತಂಗಿಯನ್ನೂ ನೋಡಿದ ಹಾಗಾಯಿತು ಎಂದ. ನೀನು ನಿಂತರೆ ಹೆಂಗಸರು ನಂಬುತ್ತಾರೆ ಎನ್ನುವುದನ್ನೂ ಬಾಯಿಬಿಟ್ಟೇ ಹೇಳಿದ. ಮರಿತಾಯಮ್ಮ ಬರುತ್ತೇನೆ ಎಂದಳು. ಅವಳ ತಂಗಿ ಚಿನ್ನಮ್ಮ ಅಲ್ಲಿ ಇದೇ ಕೆಲಸದಲ್ಲಿದ್ದಳು. ಚಿನ್ನಮ್ಮನ ಗಂಡ ಮಾದೇಶ್ ಅಲ್ಲಿಯ ಕೆಲಸಗಾರರ ಮುಂದಾಳು. ತನ್ನದು ಹೋಯಿತು, ತಂಗಿಯದಾದರೂ ಉಳಿಯಲಿ ಎಂದು ಬಸ್ಸು ಹತ್ತಿದಳು.

ನರಸೀಪುರಕ್ಕೆ ಅವರು ಹೋದಾಗ ಚಿನ್ನಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಾದೇಶ್ ಮನೆಯಲ್ಲೇ ಇದ್ದ, ಕ್ಷೌರ ಮಾಡಿಸಿಕೊಂಡು ಅಂಗಿಗೆ ಸೆಂಟು ಹಾಕಿಕೊಂಡಿದ್ದ. ಬಂದವಳೇ ಚಿನ್ನಮ್ಮ ಕೈಕಾಲು ತೊಳೆದು ಕೋಳಿ ಸಾರಿಗೆ ಮಸಾಲೆ ರುಬ್ಬಲು ಕೂತಳು. ಎಷ್ಟು ಬೀದಿ ಗುಡಿಸಿ ಬಂದೆ ಎಂದು ಮರಿತಾಯಮ್ಮ ಕೇಳಿದಳು. ನಮ್ಮೆರಡೂ ಎಂದಳು ಚಿನ್ನಮ್ಮ, ಅದರಲ್ಲೇನಿದೆ ಎನ್ನುವ ಹಾಗೆ. ಅಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಮಾತು ತೆಗೆದಾಗಲೆಲ್ಲ ನಡುಮನೆಯಿಂದ ಯಾರೋ ನೀರು ಕೇಳುತ್ತಿದ್ದರು, ಟೀ ಕೇಳುತ್ತಿದ್ದರು. ಆಮೇಲೆ ಕೇಳ್ತೀನಿ ಬುಡಕ್ಕ ಎನ್ನುತ್ತಾ ಚಿನ್ನಮ್ಮ ಲೋಟ ಹಿಡಿದು ಓಡುತ್ತಿದ್ದಳು.

ಸಭೆ ಹೊಳೆಯ ಹತ್ತಿರದ ಒಂದು ಮರದ ನೆರಳಿನಲ್ಲಿ. ಇಲ್ಲೂ ಗಂಡಸರು ಕುರ್ಚಿಯಲ್ಲಿ, ಹೆಂಗಸರು ಹಿಂದೆ ನೆಲದ ಮೇಲೆ. ಮಂಟೇಸ್ವಾಮಿ ಚೆನ್ನಾಗಿಯೇ ಮಾತಾಡಿದ. ಉಳ್ಳವರ ಬಡಾವಣೆಗೆ ದೀಪ, ಅದನ್ನು ಗುಡಿಸುವವರ ಮನೆಗೆ ಕತ್ತಲೆ ಎಂದ. ಮರಿತಾಯಮ್ಮ ಒಂದೊಂದು ಮಾತನ್ನೂ ತೂಗಿ ಕೇಳಿದಳು. ಒಂದೂ ಸುಳ್ಳು ಮಾತಿಲ್ಲ. ಆ ಮಾತಿಗೇ ತಾನು ಇಷ್ಟು ವರ್ಷ ಎರಡು ಬೀದಿ ಗುಡಿಸಿದ್ದು. ಕೊನೆಗೆ ಅವನು, ನನ್ನ ಹೆಂಡತಿಯೇ ಬಂದಿದ್ದಾಳೆ, ಅವಳನ್ನೇ ಕೇಳಿ ಎಂದು ಕೈ ತೋರಿಸಿದ.

ಮರಿತಾಯಮ್ಮ ಎದ್ದಳು. ಮೈಕ್ ಬೇಡವೆಂದಳು.

"ನಾನು ಇವ್ರ ಬೀದಿ ಗುಡಿಸ್ದೆ. ಒಬ್ಳೇ ಎರಡು ಗುಡಿಸ್ತಾಳೆ, ಒಂದು ಕೆಲ್ಸ ಸಾಕು ಅಂತ ನಂದ ತೆಗೆದ್ರು. ಮನೆಗೊಂದು ಅಂತಾರೆ. ಆ ಒಂದು ನಿಮ್ದಾಗಿರಾಕಿಲ್ಲ. ನಾಳೆಯಿಂದ ನಿಮ್ಮ ನಿಮ್ಮ ಬೀದಿ ಮಾತ್ರ ಗುಡ್ಸಿ."

ಮಂಟೇಸ್ವಾಮಿ ನೆಲ ನೋಡುತ್ತಿದ್ದ. ಮಾದೇಶ್ ನಕ್ಕು, ಅತ್ಗೆಮ್ಮ ಮನೆ ಜಗಳಾನ ಬಸ್ಸಲ್ಲಿ ಹಾಕ್ಕೊಂಡು ಬಂದವ್ರೆ ಎಂದ. ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ, ಅವರು ಚಿನ್ನಮ್ಮನ ಮುಖ ನೋಡುತ್ತಿದ್ದರು. ಅವತ್ತು ಕೈ ಎತ್ತುವ ಮುಂಚೆ ತನ್ನನ್ನು ವೆಂಕಟಮ್ಮ ನೋಡಿದ್ದು ಹೀಗೆಯೇ ಇರಬೇಕು ಎಂದು ಮರಿತಾಯಮ್ಮನಿಗೆ ಹೊಳೆಯಿತು.

ಚಿನ್ನಮ್ಮ ಅಕ್ಕನ ಕಡೆ ನೋಡದೆ, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಿನ್ನ ಮನೆಗಾದ್ರೂ ಒಂದು ಬಂತಲ್ಲಕ್ಕ. ನಮ್ಮನೆಗೆ ಒಂದೂ ಬ್ಯಾಡ ಅಂತೀಯಾ?"

ಆಮೇಲೆ ಒಪ್ಪಂದಕ್ಕೆ ಕೈ ಎತ್ತಿದಳು. ಅವಳ ಹಿಂದೆ ಒಂದೊಂದೇ ಕೈ ಎದ್ದವು.

ಹಿಂದಿರುಗುವ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತು ಬಂದರು. ಮನೆಗೆ ಬಂದು ಮರಿತಾಯಮ್ಮ ಬೆಳಗಿನ ಪಾತ್ರೆ ತೊಳೆದಳು.

ಚಿನ್ನಮ್ಮನಿಗೆ ಫೋನ್ ಮಾಡಬಾರದು ಎಂದುಕೊಂಡೇ ದಿನಗಳು ಕಳೆದವು. ಒಂದು ಬೆಳಗ್ಗೆ ತನ್ನ ಬೀದಿ ಮುಗಿಸಿ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಕೈ ತಾನಾಗಿ ಫೋನ್ ತೆಗೆಯಿತು. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಆ ಕಡೆ ಚಿನ್ನಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳೆಂದು ಕಾಣುತ್ತದೆ, ಪೊರಕೆಯ ಸರಬರ ಸದ್ದು ಕೇಳುತ್ತಿತ್ತು.

"ಯಾರ ಬೀದಿ ಚಿನ್ನಿ?"

"ಅವರ್ದೇ ಕನಕ್ಕ," ಎಂದಳು ಚಿನ್ನಮ್ಮ. ಅಕ್ಕನ ಮೇಲೆ ಸಿಟ್ಟಿಲ್ಲ ಎಂದಳು. ಅಷ್ಟು ಜನರ ಮುಂದೆ ಕೈ ಎತ್ತದೇ ಇದ್ದಿದ್ದರೆ ಸಂಜೆ ಯಾವ ಮುಖ ಹೊತ್ತು ಮನೆಗೆ ಹೋಗುವುದು ಎಂದಳು. ಆಮೇಲೆ ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. "ಭಾವ ಸಭೆ ದಿನ ಅಡ್ಗೆಮನೆತಾವ ಬಂದು ಏಳವ್ರೆ. ಯಾರ್ಗೂ ಏಳ್ಬೇಡ ಅಂದ್ರು. ಎರಡ್ನೇ ಸುತ್ತಲ್ಲಿ ನನ್ಗೇ ಮೊದ್ಲಂತೆ. ಅದ್ಕೆ ಈಗ ಅವರ ಬೀದಿ ಗುಡ್ಸೋದ ಬುಡಬಾರ್ದಂತೆ."

ಮರಿತಾಯಮ್ಮ ಗಿರಣಿಯಿಂದಾಚೆಯ ರಸ್ತೆ ನೋಡಿದಳು. ಅಂಗಡಿಗಳ ಮುಂದೆ ನಿನ್ನೆಯ ಎಲೆ, ಕವರು ಹಾಗೇ ಬಿದ್ದಿದ್ದವು. ಅವನಿನ್ನೂ ಟೀ ಅಂಗಡಿಯಿಂದ ಬಂದಿರಲಿಲ್ಲ.

"ನನ್ಗೂ ಅದೇ ಏಳವ್ನೆ ಕಣೆ," ಎಂದಳು. "ಇದೇ ಮಾತು. ನಿನ್ಗೇ ಮೊದ್ಲು ಅಂತ."

ಆ ಕಡೆ ಪೊರಕೆಯ ಸದ್ದು ನಿಂತಿತು. ಸದ್ದು ಮತ್ತೆ ಶುರುವಾಗುತ್ತದೋ ಏನೋ ಎಂದು ಮರಿತಾಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು.